ಹಳೆಯ ಪಿಕಪ್ಪಿನ ಎಡ-ಬಲ ತಾಳ

ಮಫ್ಲರ್ ಅಂದರೆ ಏನು ಅಂತ ನನ್ನ ವಯಸ್ಸಿನವರನ್ನು ಕೇಳಿ ನೋಡಿ, ಕೊರಳು ತೋರಿಸುತ್ತಾರೆ. ಮಾಗಿಯ ಚಳಿಯಲ್ಲಿ ವಾಕಿಂಗ್ ಹೊರಡುವಾಗ ಕಿವಿ ಮುಚ್ಚುವಂತೆ ಸುತ್ತಿಕೊಳ್ಳುವ ಉಣ್ಣೆಯ ಪಟ್ಟಿ ಅದು. ಅಮೆರಿಕದಲ್ಲಿ ಅದೇ ಮಾತು ಹೇಳಿದರೆ ಜನ ಬಗ್ಗಿ ಕಾರಿನ ಅಡಿ ನೋಡುತ್ತಾರೆ. ನಾವು ಸೈಲೆನ್ಸರ್ ಅನ್ನುವ ಡಬ್ಬಿಗೆ ಅಲ್ಲಿ ಮಫ್ಲರ್ ಅಂತ ಹೆಸರು. ಯೋಚಿಸಿದರೆ ಅವರ ಮಾತೇ ಹೆಚ್ಚು ಸರಿ. ಸೈಲೆನ್ಸರ್ ಅಂದರೆ ಮೌನ ಮಾಡಿಸುವಂಥದ್ದು. ಯಾವ ಡಬ್ಬಿಯೂ ಎಂಜಿನ್ನನ್ನು ಮೌನ ಮಾಡಿಸಿದ್ದನ್ನು ನಾನು ಕಂಡಿಲ್ಲ. ಬಾಯಿಗೆ ಬಟ್ಟೆ ಅಡ್ಡ ಹಿಡಿದರೆ ಮಾತು ಮೆತ್ತಗಾಗುವುದಿಲ್ಲವೇ, ಅಷ್ಟೇ ಅದರ ಕೆಲಸ.

ನಾನು ಹಾಸನದ ಕಡೆಯವನು. 31 ವರ್ಷ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದೆ. ಶಿರಾಡಿ ಘಾಟಿ ಹತ್ತಿ ಬಂದ ಬಸ್ಸು ಡಿಪೋ ಗೇಟಿನಲ್ಲಿ ತಿರುಗುವಾಗಲೇ ಅದರ ಸೈಲೆನ್ಸರ್ ಒಡೆದಿದೆಯೋ ಇಲ್ಲವೋ ಹೇಳಿಬಿಡುತ್ತಿದ್ದೆ. ನಿವೃತ್ತಿಯಾದ ಮೇಲೆ ಮಗಳ ಮನೆಗೆ ಆರು ತಿಂಗಳು ಹೋಗಿದ್ದೆ, ಮಿಶಿಗನ್ ರಾಜ್ಯಕ್ಕೆ, ಡೆಟ್ರಾಯಿಟ್ ನಗರದ ಹತ್ತಿರ. ಕಾರು ಕಾರ್ಖಾನೆಗಳಿಗೆ ಹೆಸರಾದ ಊರು. ಅಲ್ಲಿ ಅಳಿಯಂದಿರು ಒಂದು ಹಳೆಯ ಗಾಡಿ ಕೊಂಡು ಶೆಡ್ಡಿನಲ್ಲಿ ಇಟ್ಟುಕೊಂಡಿದ್ದರು: 1972ರ ಷೆವ್ರೊಲೆ ಪಿಕಪ್. ಮುಂದೆ ಮೂರು ಜನ ಕೂರುವ ಒಂದೇ ಉದ್ದದ ಸೀಟು, ಹಿಂದೆ ಸಾಮಾನು ಹಾಕುವ ತೆರೆದ ತೊಟ್ಟಿ. ನಮ್ಮಲ್ಲಿ ಟ್ರಕ್ ಅಂದರೆ ಲಾರಿ, ಅಲ್ಲಿ ಇಂಥ ಪಿಕಪ್ಪಿಗೂ ಟ್ರಕ್ ಅಂತಲೇ ಅನ್ನುತ್ತಾರೆ. ಹಳೆಯ ಟ್ರಕ್ಕನ್ನು ಬಿಚ್ಚಿ, ತಮಗೆ ಬೇಕಾದ ಭಾಗ ಹಾಕಿಸಿ, ತಮ್ಮದೇ ರೀತಿಯಲ್ಲಿ ಕಟ್ಟಿಕೊಳ್ಳುವುದು ಅಲ್ಲಿ ಬಹಳ ಜನರ ಭಾನುವಾರದ ಹವ್ಯಾಸ. ನಮ್ಮಲ್ಲಿ ಕೆಲವರು ಹಳೆಯ ಬುಲೆಟ್ ಮೋಟಾರ್ ಸೈಕಲ್ ಹಿಡಿದುಕೊಂಡು ಕೂರುತ್ತಾರಲ್ಲ, ಹಾಗೆ.

ನಾನು ಹೋದ ಮೂರನೇ ದಿನ ಆ ಗಾಡಿಯ ಅಡಿಗೆ ಹೋಗಿ ಮಲಗಿದೆ. ಟಾರ್ಚ್ ಬಿಟ್ಟು ನೋಡಿದರೆ ಹೊಗೆ ನಳಿಗೆ ಜರಡಿಯಾಗಿತ್ತು. ಬೆರಳಿನಿಂದ ಒತ್ತಿದರೆ ಹಪ್ಪಳದ ಹಾಗೆ ಮುರಿಯಿತು.

ಇದಕ್ಕೆ ಎರಡು ಕಾರಣ, ಒಂದು ಹೊರಗಿನದು, ಒಂದು ಒಳಗಿನದು. ಮಿಶಿಗನ್‌ನಲ್ಲಿ ಚಳಿಗಾಲದಲ್ಲಿ ರಸ್ತೆಯ ಮೇಲೆ ಹಿಮ ಗಟ್ಟಿಯಾಗದಿರಲಿ ಅಂತ ಉಪ್ಪು ಸುರಿಯುತ್ತಾರೆ. ಉಪ್ಪಿಗೇನೂ ಬರವಿಲ್ಲ. ಡೆಟ್ರಾಯಿಟ್ ನಗರದ ಅಡಿಯಲ್ಲೇ, ಸುಮಾರು 1,200 ಅಡಿ ಆಳದಲ್ಲಿ, ದೊಡ್ಡ ಉಪ್ಪಿನ ಗಣಿ ಇದೆ! ಆ ಉಪ್ಪುನೀರು ಚಕ್ರದಿಂದ ಸಿಡಿದು ಗಾಡಿಯ ಹೊಟ್ಟೆಗೆ ಮೆತ್ತಿಕೊಂಡು ಕಬ್ಬಿಣವನ್ನು ತಿನ್ನುತ್ತದೆ. ಒಳಗಿನ ಕಾರಣ ಮಕ್ಕಳಿಗೆ ಇನ್ನೂ ಆಶ್ಚರ್ಯ ಅನ್ನಿಸಬಹುದು. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚು ಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ಪೆಟ್ರೋಲಿನಲ್ಲಿರುವ ಹೈಡ್ರೋಜನ್ ಗಾಳಿಯ ಆಮ್ಲಜನಕದ ಜೊತೆ ಸೇರಿ ಆವಿಯಾಗಿ ಹೋಗುತ್ತದೆ. ನಳಿಗೆ ತಣ್ಣಗಿದ್ದರೆ ಅಲ್ಲೇ ನೀರಾಗಿ ನಿಲ್ಲುತ್ತದೆ. ಗಾಡಿಯನ್ನು ದೂರ ಓಡಿಸಿದರೆ ನಳಿಗೆ ಕಾದು ನೀರು ಆರುತ್ತದೆ. ದಿನಾ ಅಂಗಡಿಗೆ ಹೋಗಿ ಬರುವ ಗಾಡಿಯ ಸೈಲೆನ್ಸರ್ ಒಳಗಿನಿಂದಲೇ ಕೊಳೆಯುತ್ತದೆ. ಬಸ್ಸಿನ ಸೈಲೆನ್ಸರ್‌ಗಿಂತ ಮನೆಯ ಕಾರಿನದು ಬೇಗ ತೂತಾಗುವುದು ಇದರಿಂದಲೇ.

ತೂತಾದರೆ ಶಬ್ದ ಜಾಸ್ತಿ, ಅಷ್ಟೇ ತಾನೆ ಅನ್ನುವವರಿದ್ದಾರೆ. ಅಷ್ಟೇ ಅಲ್ಲ. ಎಂಜಿನ್ನಿನ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಅನ್ನುವ ಅನಿಲ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕೆಮ್ಮು ಬರಿಸುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಜಾಗದಲ್ಲಿ ಅದು ಕೂತುಬಿಡುತ್ತದೆ. ತಲೆನೋವು, ತೂಕಡಿಕೆ, ಆಮೇಲೆ ಎಚ್ಚರವೇ ಇಲ್ಲ. ಈ ಗಾಡಿಯ ತೂತು ಇದ್ದದ್ದು ಸರಿಯಾಗಿ ಸೀಟಿನ ಕೆಳಗೆ, ನೆಲದ ತಗಡಿನಲ್ಲೂ ತುಕ್ಕಿನ ಕಿಂಡಿಗಳು. ಆ ಸೀಟಿನ ಮಧ್ಯದಲ್ಲಿ ಕೂತು ಸುತ್ತುವ ಆಸೆ ಇಟ್ಟುಕೊಂಡವನು ನನ್ನ ಮೊಮ್ಮಗ, ಆರನೇ ತರಗತಿ. ತಗಡು ಬೆಸೆಸಿ, ನಳಿಗೆ ಪೂರ್ತಿ ಹೊಸದಾಗುವವರೆಗೆ ಅವನು ಇದರಲ್ಲಿ ಕೂರುವಂತಿಲ್ಲ ಅಂತ ಮಗಳು ಅಪ್ಪಣೆ ಮಾಡಿದಳು. ನಾನೂ ಹೂಂ ಅಂದೆ.

ಮೊಮ್ಮಗನೂ ಒಂದು ಷರತ್ತು ಹಾಕಿದ. "ತಾತ, ಹೊಸದು ಹಾಕೋದಾದ್ರೆ ಗುಡುಗಿನ ಥರ ಸೌಂಡ್ ಬರಬೇಕು. ಬೀದಿ ಕೊನೇಲಿ ಬರ್ತಿರೋವಾಗ್ಲೇ ನಮ್ಮ ಟ್ರಕ್ ಅಂತ ಎಲ್ಲರಿಗೂ ಗೊತ್ತಾಗಬೇಕು."

ಪಕ್ಕದ ಮನೆಯಲ್ಲಿ ಒಬ್ಬ ನರ್ಸಮ್ಮ ಇದ್ದರು. ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಎಂಟಕ್ಕೆ ಬಂದು ಮಲಗುವವರು. ಅವರ ಮಲಗುವ ಕೋಣೆಯ ಕಿಟಕಿಗೂ ನಮ್ಮ ಶೆಡ್ಡಿಗೂ ನಡುವೆ ಇದ್ದದ್ದು ಒಂದು ಬೇಲಿ. ಹೀಗೆ ನಾಲ್ಕು ಜನರ ನಾಲ್ಕು ಬೇಡಿಕೆಯ ನಡುವೆ ಸೈಲೆನ್ಸರ್ ಆರಿಸುವ ಕೆಲಸ ಶುರುವಾಯಿತು.

ಮೊದಲು ಶಬ್ದ ಎಲ್ಲಿಂದ ಬರುತ್ತದೆ ನೋಡೋಣ. ಎಂಜಿನ್ನಿನ ಸಿಲಿಂಡರಿನೊಳಗೆ ಪೆಟ್ರೋಲು ಉರಿದು ಪಿಸ್ಟನ್ನನ್ನು ತಳ್ಳುತ್ತದೆ. ತಳ್ಳಿ ಮುಗಿದ ಮೇಲೂ ಒಳಗಿನ ಹೊಗೆಗೆ ಸಾಕಷ್ಟು ಒತ್ತಡ ಉಳಿದಿರುತ್ತದೆ. ಆಗ ವಾಲ್ವ್ ತೆರೆಯುತ್ತದೆ. ಕುಕ್ಕರಿನ ಸೀಟಿ ತಟ್ಟನೆ ಎತ್ತಿದ ಹಾಗೆ ಹೊಗೆ ನುಗ್ಗುತ್ತದೆ. ಆ ಒಂದೊಂದು ನುಗ್ಗೂ ಒಂದು ಪೆಟ್ಟು. ಈ ಷೆವ್ರೊಲೆ ಎಂಜಿನ್ನಿನಲ್ಲಿ ಎಂಟು ಸಿಲಿಂಡರ್, ಎಲ್ಲ ಸೇರಿ 5.7 ಲೀಟರ್. ನಮ್ಮ ಬುಲೆಟ್ 350ರ ಹದಿನಾರು ಎಂಜಿನ್ ಸೇರಿಸಿದಷ್ಟು! ಎಂಜಿನ್ ಒಂದು ಸುತ್ತು ತಿರುಗಿದರೆ ನಾಲ್ಕು ಪೆಟ್ಟು. ನಿಮಿಷಕ್ಕೆ 2,000 ಸುತ್ತು ತಿರುಗುವಾಗ ಸೆಕೆಂಡಿಗೆ ಎಷ್ಟು ಪೆಟ್ಟು? ಮಕ್ಕಳು ಪೆನ್ಸಿಲ್ ತೆಗೆದುಕೊಳ್ಳಲಿ. 2,000ವನ್ನು ನಾಲ್ಕರಿಂದ ಗುಣಿಸಿ 60ರಿಂದ ಭಾಗಿಸಿದರೆ 133 ಬರುತ್ತದೆ. ಹಾರ್ಮೋನಿಯಂ ನುಡಿಸುವ ಅಜ್ಜಂದಿರು ಇದ್ದರೆ ಕೇಳಿ, ಅದು ಗಂಡಸರು ಹಾಡುವ ಬಿಳಿ ಒಂದರ ಶ್ರುತಿಗೆ ಬಹಳ ಹತ್ತಿರ. ಹೆದ್ದಾರಿಯಲ್ಲಿ ಹೋಗುವಾಗ ಎಂಜಿನ್ ಷಡ್ಜ ಹಿಡಿದು ಕೂತಿರುತ್ತದೆ ಅನ್ನಿ.

ಈಗ ಕೈ ಖಾಲಿ ಮಾಡಿಕೊಳ್ಳಿ, ಒಂದು ಆಟ ಇದೆ.

ಈ ಎಂಟು ಸಿಲಿಂಡರುಗಳು ಸಾಲಾಗಿ ಇಲ್ಲ. ಎಡಕ್ಕೆ ನಾಲ್ಕು, ಬಲಕ್ಕೆ ನಾಲ್ಕು, ಅಂಗೈ ಬಿಚ್ಚಿ ಜೋಡಿಸಿದ ಹಾಗೆ ಓರೆಯಾಗಿ ನಿಂತಿವೆ. ಚಾಲಕನ ಕಡೆ, ಅಂದರೆ ಆ ದೇಶದಲ್ಲಿ ಎಡಗಡೆ, 1, 3, 5, 7. ಬಲಗಡೆ 2, 4, 6, 8. ಇವು ಉರಿಯುವ ಸರದಿ ಹೀಗೆ: 1, 8, 4, 3, 6, 5, 7, 2. ಬೆಸ ಸಂಖ್ಯೆ ಬಂದರೆ ಎಡಗೈಯಲ್ಲಿ ತೊಡೆ ತಟ್ಟಿ, ಸಮ ಸಂಖ್ಯೆ ಬಂದರೆ ಬಲಗೈಯಲ್ಲಿ. ಎಡ, ಬಲ, ಬಲ, ಎಡ, ಬಲ, ಎಡ, ಎಡ, ಬಲ. ಆದಿತಾಳದಲ್ಲೂ ಎಂಟೇ ಎಣಿಕೆ, ಆದ್ದರಿಂದ ಸಂಗೀತ ಕಲಿಯುವವರಿಗೆ ಎಣಿಕೆ ತಪ್ಪುವುದಿಲ್ಲ. ಎರಡೂ ಕೈ ಸೇರಿ ಕೇಳಿದರೆ ಪೆಟ್ಟುಗಳು ಸಮಸಮವಾಗಿ ಬೀಳುತ್ತವೆ. ಈಗ ಬಲಗೈ ತಟ್ಟುವುದನ್ನು ನಿಲ್ಲಿಸಿ, ಅದರ ಸರದಿಯಲ್ಲಿ ಸುಮ್ಮನೆ ಗಾಳಿಯಲ್ಲಿ ಆಡಿಸಿ. ಎಡಗೈ ಮಾತ್ರ ತಟ್ಟಲಿ. ಒಂದು ಪೆಟ್ಟು, ಉದ್ದ ಬಿಡುವು, ಮತ್ತೊಂದು, ಸ್ವಲ್ಪ ಬಿಡುವು, ಆಮೇಲೆ ಎರಡು ಒಟ್ಟೊಟ್ಟಿಗೆ. ಕುಂಟುವ ಕುದುರೆ ಓಡಿದ ಹಾಗೆ ಕೇಳುತ್ತದಲ್ಲವೇ?

ಅಮೆರಿಕದ ದೊಡ್ಡ ಟ್ರಕ್ಕುಗಳ ಗುಡುಗುಡು ಗುಡುಗುಡು ಅನ್ನುವ ಪ್ರಸಿದ್ಧ ಧ್ವನಿಯ ಗುಟ್ಟು ಇದೇ. ಎಡಗಡೆಯ ನಾಲ್ಕಕ್ಕೆ ಒಂದು ನಳಿಗೆ, ಬಲಗಡೆಯ ನಾಲ್ಕಕ್ಕೆ ಒಂದು ನಳಿಗೆ, ಎರಡೂ ಬೇರೆ ಬೇರೆಯಾಗಿ ಹಿಂದಕ್ಕೆ ಹೋದರೆ ಒಂದೊಂದೂ ಕುಂಟುತ್ತಲೇ ಹೋಗುತ್ತದೆ. ಮೊಮ್ಮಗನಿಗೆ ಈ ತೊಡೆ ತಟ್ಟುವ ಆಟ ಎಷ್ಟು ಹಿಡಿಸಿತೆಂದರೆ ಎರಡು ದಿನ ಊಟದ ಮೇಜಿನ ಮೇಲೂ ಅದೇ. ಮಗಳು ಗದರಿದಳು, ನಾನು ಸಾರಿಗೆ ಕೈ ಹಾಕಿದವನ ಹಾಗೆ ತಲೆ ತಗ್ಗಿಸಿ ಕೂತೆ.

ಕುಂಟು ನಡಿಗೆಯಿಂದ ಶಬ್ದ ಒರಟಾಗುವುದಷ್ಟೇ ಅಲ್ಲ, ಹೊಗೆ ಸಾಗುವುದೂ ಸರಾಗವಲ್ಲ. ಎರಡು ಪೆಟ್ಟು ಒಟ್ಟಿಗೆ ಬಂದಾಗ ಆ ನಳಿಗೆಯಲ್ಲಿ ಒತ್ತಡ ಏರುತ್ತದೆ, ಅದೇ ಕ್ಷಣ ಪಕ್ಕದ ನಳಿಗೆ ಖಾಲಿ ಕೂತಿರುತ್ತದೆ. ಎರಡು ಕಾಲುವೆ ಪಕ್ಕಪಕ್ಕದಲ್ಲಿ ಹರಿಯುತ್ತಿವೆ, ಒಂದು ಉಕ್ಕುತ್ತಿದೆ, ಇನ್ನೊಂದು ಬತ್ತಿದೆ ಅಂದರೆ ರೈತ ಏನು ಮಾಡುತ್ತಾನೆ? ನಡುವಿನ ಬದು ಕಡಿದು ದಾರಿ ಮಾಡುತ್ತಾನೆ. ಟ್ರಕ್ಕಿನವರೂ ಅದನ್ನೇ ಮಾಡುತ್ತಾರೆ. ಎರಡು ನಳಿಗೆಗಳ ನಡುವೆ ಹಾಕುವ ಆ ದಾರಿಗೆ ಕ್ರಾಸ್‌ಓವರ್ ಪೈಪ್ ಅನ್ನುತ್ತಾರೆ. ನಾವು ಅಡ್ಡನಳಿಗೆ ಅನ್ನೋಣ.

ಅಡ್ಡನಳಿಗೆಯಲ್ಲಿ ಎರಡು ಜಾತಿ. ಉದ್ದ ನಳಿಗೆಗಳ ನಡುವೆ ಒಂದು ತುಂಡು ಅಡ್ಡ ಬೆಸೆದರೆ ಇಂಗ್ಲಿಷಿನ ಎಚ್ ಅಕ್ಷರ ಆಗುತ್ತದೆ. ಎರಡು ನಳಿಗೆಗಳನ್ನೇ ಬಗ್ಗಿಸಿ, ಒಂದನ್ನೊಂದು ಮುಟ್ಟಿಸಿ, ಮತ್ತೆ ಬೇರೆ ಮಾಡಿದರೆ ಎಕ್ಸ್ ಅಕ್ಷರ. ಎಚ್ ನಳಿಗೆಯಲ್ಲಿ ಹೊಗೆ ಬಹುಪಾಲು ತನ್ನ ದಾರಿಯಲ್ಲೇ ಹೋಗುತ್ತದೆ, ಒತ್ತಡದ ಪೆಟ್ಟು ಮಾತ್ರ ಪಕ್ಕಕ್ಕೆ ಹಂಚಿಕೆಯಾಗುತ್ತದೆ. ಆದ್ದರಿಂದ ಗುಡುಗುಡು ಉಳಿಯುತ್ತದೆ, ಅದರ ಮೊನೆ ಮೊಂಡಾಗುತ್ತದೆ. ಎಕ್ಸ್ ನಳಿಗೆಯಲ್ಲಿ ಎರಡು ಹೊಗೆಯೂ ಕೂಡಿ ಹಂಚಿಹೋಗುವುದರಿಂದ ಎರಡೂ ಬಾಯಿಗೆ ಎಂಟೂ ಪೆಟ್ಟು ತಲುಪುತ್ತದೆ. ಎಡಗೈ ಬಲಗೈ ಎರಡೂ ತಟ್ಟಿದ ಹಾಗೆ, ಸಮವಾಗಿ. ಧ್ವನಿ ತೆಳ್ಳಗಾಗಿ ಮೇಲೇರುತ್ತದೆ, ರೇಸಿನ ಕಾರಿನ ಹಾಗೆ ಕೇಳುತ್ತದೆ.

ಯಾವುದರಲ್ಲಿ ಶಕ್ತಿ ಹೆಚ್ಚು ಅಂತ ಅಳಿಯಂದಿರ ಗೆಳೆಯರು ಒಂದು ಸಂಜೆ ಪೂರ್ತಿ ವಾದ ಮಾಡಿದರು. ಎಂಜಿನ್ ಬಹಳ ಜೋರಾಗಿ ತಿರುಗುವ ಕಡೆ ಎಕ್ಸ್‌ಗೆ ಕೊಂಚ ಮೇಲುಗೈ ಇದೆ. ಆದರೆ ಇದು ಗೊಬ್ಬರದ ಮೂಟೆ, ಹಲಗೆ, ಹುಲ್ಲು ಕತ್ತರಿಸುವ ಯಂತ್ರ ಹೊತ್ತು ನಿಧಾನವಾಗಿ ಹೋಗುವ ಗಾಡಿ. ಇದರಲ್ಲಿ ಸಿಗುವ ವ್ಯತ್ಯಾಸ ಚಾಲಕ ಮಧ್ಯಾಹ್ನ ಒಂದು ಮುದ್ದೆ ಹೆಚ್ಚು ಉಂಡರೆ ಸರಿಹೋಗುತ್ತದೆ. ನನ್ನ ಓಟು ಎಚ್‌ಗೆ ಹೋಯಿತು, ಕಾರಣ ಶಕ್ತಿಯಲ್ಲ, ಜಾಗ. ಎಂಜಿನ್ನಿನ ಹಿಂದೆ ಗೇರ್‌ಬಾಕ್ಸ್, ಅದನ್ನು ಹೊತ್ತ ಅಡ್ಡ ತೊಲೆ, ಅದರ ಪಕ್ಕದಲ್ಲೇ ನಳಿಗೆ ನುಸುಳಬೇಕು. ಎಕ್ಸ್ ಹಾಕಿದರೆ ಎರಡು ನಳಿಗೆಯನ್ನೂ ಗಾಡಿಯ ಮಧ್ಯಕ್ಕೆ ಎಳೆದು ತರಬೇಕು. ನಾಳೆ ಗೇರ್‌ಬಾಕ್ಸ್ ಇಳಿಸಬೇಕಾದಾಗ ಅದು ಮೊಸಳೆಯ ಹಾಗೆ ಅಡ್ಡ ಮಲಗಿರುತ್ತದೆ. ಎಚ್‌ನ ಅಡ್ಡ ತುಂಡನ್ನು ಬೋಲ್ಟು ಹಾಕಿ ಬಿಚ್ಚುವಂತೆ ಮಾಡಿಸಬಹುದು. ಬಿಚ್ಚಲಾಗದ ಕೆಲಸ ಮಾಡಿಟ್ಟು ಹೋದ ಮೆಕ್ಯಾನಿಕ್ಕನ್ನು ಮುಂದಿನ ಮೆಕ್ಯಾನಿಕ್ ಏನೇನು ಬೈಯುತ್ತಾನೆ ಅಂತ ನನಗೆ ಗೊತ್ತು.

ಎಲ್ಲಿ ಬೆಸೆಯಬೇಕು ಅನ್ನುವುದಕ್ಕೆ ಅಲ್ಲಿನ ಹಳಬರು ಒಂದು ಉಪಾಯ ಹೇಳುತ್ತಾರೆ. ನಳಿಗೆಯ ಉದ್ದಕ್ಕೂ ಸಾಧಾರಣ ಬಣ್ಣದ ಒಂದು ಗೆರೆ ಎಳೆದು ಎಂಜಿನ್ ಓಡಿಸುವುದು. ಬಣ್ಣ ಹೆಚ್ಚು ಸುಟ್ಟ ಕಡೆ ಬಿಸಿ ಹೆಚ್ಚು, ಒತ್ತಡವೂ ಅಲ್ಲೇ ಹೆಚ್ಚು ಅಂತ ಅವರ ಲೆಕ್ಕ, ಆ ಜಾಗದಲ್ಲಿ ಅಡ್ಡನಳಿಗೆ. ನಾವೂ ಮಾಡಿ ನೋಡಿದೆವು. ಮೊಮ್ಮಗ ಎಳೆದ ಬಿಳಿ ಗೆರೆ ಮುಂಭಾಗದಲ್ಲಿ ಕಂದುಬಣ್ಣಕ್ಕೆ ತಿರುಗಿತು, ಗೇರ್‌ಬಾಕ್ಸಿನ ತೊಲೆಗೆ ಒಂದು ಗೇಣು ಮುಂಚೆ. ಅದೃಷ್ಟಕ್ಕೆ ಅಲ್ಲಿ ಜಾಗವೂ ಇತ್ತು.

ಇನ್ನು ಡಬ್ಬಿಯ ವಿಚಾರ. ಮಿಶಿಗನ್ನಿನ ಪಕ್ಕದ ರಾಜ್ಯ ಇಂಡಿಯಾನಾ. ಅಲ್ಲಿನ ಕೊಲಂಬಸ್ ಎಂಬ ಊರಿನ ಮಿಲ್ಟನ್ ರೀವ್ಸ್, ಮಾರ್ಷಲ್ ರೀವ್ಸ್ ಎಂಬ ಅಣ್ಣತಮ್ಮಂದಿರು 1897ರಲ್ಲೇ ಎಂಜಿನ್ ಮಫ್ಲರಿಗೆ ಪೇಟೆಂಟ್ ಪಡೆದಿದ್ದರು. ಆ ಮಿಲ್ಟನ್ ರೀವ್ಸ್ 1911ರಲ್ಲಿ ಎಂಟು ಚಕ್ರದ ಕಾರನ್ನೂ ಕಟ್ಟಿದ ಆಸಾಮಿ. ಕಾರು ಯಾರಿಗೂ ಬೇಡವಾಯಿತು, ಮಫ್ಲರ್ ಎಲ್ಲರಿಗೂ ಬೇಕಾಯಿತು.

ನಾವು ಹೋದದ್ದು ಊರಾಚೆಯ ಒಂದು ಸಣ್ಣ ಸೈಲೆನ್ಸರ್ ಅಂಗಡಿಗೆ. ಯಜಮಾನರು ನನಗಿಂತ ಹಿರಿಯರು, ಬೆರಳ ಸಂದಿನಲ್ಲಿ ನನ್ನ ಹಾಗೆಯೇ ಎಂದೂ ಹೋಗದ ಕಪ್ಪು. ಭಾಷೆ ಅಷ್ಟಾಗಿ ಬೇಕಾಗಲಿಲ್ಲ. ಅವರು ಹಳೆಯ ಡಬ್ಬಿಗಳನ್ನು ಅರ್ಧಕ್ಕೆ ಸೀಳಿ ಗೋಡೆಗೆ ನೇತುಹಾಕಿದ್ದರು, ಹಲಸಿನ ಹಣ್ಣು ಸೀಳಿ ಇಟ್ಟ ಹಾಗೆ. ಒಳಗೆ ಏನಿದೆ ಅಂತ ಗಿರಾಕಿ ಕಣ್ಣಾರೆ ನೋಡಲಿ ಅಂತ. ಇಂಥ ಅಂಗಡಿ ನಮ್ಮ ಕಡೆಯೂ ಒಂದೊಂದು ಇರಬೇಕು.

ಮೊದಲನೆಯದು ಗ್ಲಾಸ್‌ಪ್ಯಾಕ್. ಮಧ್ಯೆ ನೇರವಾದ ನಳಿಗೆ, ಮೈತುಂಬ ತೂತು, ಸುತ್ತ ಗಾಜಿನ ನಾರು ತುರುಕಿದ ಕವಚ. ಹೊಗೆ ಎಲ್ಲೂ ತಿರುಗದೆ ನೇರ ಹೋಗುತ್ತದೆ, ಶಬ್ದದ ಒಂದು ಪಾಲು ತೂತುಗಳಿಂದ ನಾರಿಗೆ ಹೊಕ್ಕು ಅಲ್ಲೇ ಸಾಯುತ್ತದೆ. ಅಗ್ಗ, ಹಗುರ, ಶಬ್ದ ಭರ್ಜರಿ. ವರ್ಷ ಕಳೆದಂತೆ ನಾರು ಸುಟ್ಟು ಉದುರಿ ಇನ್ನೂ ಭರ್ಜರಿ. ಎರಡನೆಯದರಲ್ಲಿ ನಾರಿಲ್ಲ, ಬರೀ ಗೋಡೆ ಮತ್ತು ಕೋಣೆಗಳು. ಶಬ್ದದ ಅಲೆ ಗೋಡೆಗೆ ಬಡಿದು ಹಿಂದಕ್ಕೆ ಬಂದು ಎದುರಿಂದ ಬರುವ ಅಲೆಯನ್ನು ಕೂಡುತ್ತದೆ. ಒಂದರ ಏರು ಇನ್ನೊಂದರ ಇಳಿತದ ಮೇಲೆ ಬಿದ್ದರೆ ಎರಡೂ ಅಳಿಸಿಹೋಗುತ್ತವೆ. ಇದರ ಧ್ವನಿ ಎದೆಯಲ್ಲಿ ಗುದ್ದಿದ ಹಾಗೆ ಇರುತ್ತದೆ. ಮೂರನೆಯದಕ್ಕೆ ಟರ್ಬೊ ಮಫ್ಲರ್ ಅಂತ ಹೆಸರು. ಒಳಗೆ ಟರ್ಬೊ ಗಿರ್ಬೊ ಏನೂ ಇಲ್ಲ. 1960ರ ದಶಕದಲ್ಲಿ ಷೆವ್ರೊಲೆಯ ಕಾರ್ವೇರ್ ಎಂಬ ಕಾರಿನ ಟರ್ಬೊ ಮಾದರಿಗೆ ಹಾಕಿದ್ದ ಮಫ್ಲರ್ ಹೊಗೆಯನ್ನು ಚೆನ್ನಾಗಿ ಬಿಡುತ್ತದೆ ಅಂತ ಹುಡುಗರು ಕಂಡುಕೊಂಡು ತಮ್ಮ ಗಾಡಿಗಳಿಗೆ ಹಾಕಿಕೊಳ್ಳತೊಡಗಿದರು. ಕಾರು ಹೋಯಿತು, ಹೆಸರು ಉಳಿಯಿತು. ಇದರಲ್ಲಿ ಹೊಗೆ ಹೋಗಿ, ಹಿಂದಿರುಗಿ, ಮತ್ತೆ ಮುಂದೆ ಹೋಗುತ್ತದೆ, ಅಗಲವಾದ ತೂತು ನಳಿಗೆಗಳಲ್ಲಿ. ಹಿಂದಿನ ಕಾಲದ ಮನೆಗೆ ಜಗಲಿ, ನಡುಮನೆ, ಹಿತ್ತಿಲು ಇದ್ದ ಹಾಗೆ. ಬೀದಿಯ ಜಗಳ ಅಡುಗೆಮನೆಗೆ ಬರುವಷ್ಟರಲ್ಲಿ ಪಿಸುಮಾತಾಗಿರುತ್ತದೆ.

ಮೊಮ್ಮಗನ ಕಣ್ಣು ಕೆಂಪು ಬಣ್ಣದ ಗ್ಲಾಸ್‌ಪ್ಯಾಕಿನ ಮೇಲೆ. ಅಂಗಡಿಯ ಹುಡುಗನೊಬ್ಬ, "ನಳಿಗೆ ಮೂರು ಇಂಚಿನದೇ ಹಾಕಿಸಿ, ದೊಡ್ಡದಾದಷ್ಟೂ ಒಳ್ಳೆಯದು" ಅಂದ. ಇನ್ನೊಬ್ಬ, "ಛೆ, ಎಂಜಿನ್ನಿಗೆ ಸ್ವಲ್ಪ ಎದುರೊತ್ತಡ ಬೇಕು, ಸಣ್ಣದು ಹಾಕಿಸಿ" ಅಂದ. ಈ ಎರಡು ಮಾತೂ ನಮ್ಮ ಗ್ಯಾರೇಜುಗಳಲ್ಲೂ ಓಡಾಡುತ್ತವೆ. ಎಂಜಿನ್ನಿಗೆ ಎದುರೊತ್ತಡ ಯಾವತ್ತೂ ಬೇಡ, ಅದು ಬೆನ್ನಿಗೆ ಕಟ್ಟಿದ ಕಲ್ಲು. ಬೇಕಾದದ್ದು ವೇಗ. ಒಂದು ಪೆಟ್ಟಿನ ಹೊಗೆ ರಭಸದಿಂದ ಹೋದರೆ ಅದರ ಬಾಲ ಹಿಡಿದು ಮುಂದಿನದೂ ಎಳೆದುಕೊಂಡು ಹೋಗುತ್ತದೆ. ನಳಿಗೆ ತೀರಾ ಅಗಲವಾದರೆ ಹೊಗೆ ಸೋಮಾರಿಯಾಗುತ್ತದೆ. ತೋಟದ ಪೈಪಿನ ಬಾಯಿಗೆ ಬೆರಳು ಒತ್ತಿದಾಗಲೇ ನೀರು ದೂರ ಚಿಮ್ಮುವುದು. ಹಾಗಂತ ಪೂರ್ತಿ ಒತ್ತಿದರೆ ನೀರೇ ಬರುವುದಿಲ್ಲ. ಈ ಎಂಜಿನ್ನಿಗೆ ಒಂದೊಂದು ಕಡೆ ಎರಡೂವರೆ ಇಂಚು ಸಾಕು ಅಂತ ಯಜಮಾನರು ಬೆರಳಲ್ಲಿ ತೋರಿಸಿದರು. ನಾನು ತಲೆಯಾಡಿಸಿದೆ.

ಅಳತೆಗಿಂತ ದೊಡ್ಡ ವಿಷಯ ಬಾಗು. ಪ್ಲಾಸ್ಟಿಕ್ ಸ್ಟ್ರಾ ಬಗ್ಗಿಸಿ ನೋಡಿ, ಮಡಿಕೆಯ ಕಡೆ ಚಪ್ಪಟೆಯಾಗುತ್ತದೆ. ಕಬ್ಬಿಣದ ನಳಿಗೆಯನ್ನು ಬರೀ ಒತ್ತಿ ಬಗ್ಗಿಸಿದರೂ ಅದೇ ಗತಿ, ಎರಡೂವರೆ ಇಂಚಿಗೆ ದುಡ್ಡು ಕೊಟ್ಟು ಬಾಗಿನಲ್ಲಿ ಎರಡು ಇಂಚು ಪಡೆದ ಹಾಗೆ. ಒಳಗೆ ಗುಂಡು ಅಚ್ಚು ತೂರಿಸಿ ಬಗ್ಗಿಸಿದರೆ ಬಾಗಿನಲ್ಲೂ ದುಂಡಗೆ ಉಳಿಯುತ್ತದೆ. ಬೆಲೆ ಹೆಚ್ಚು, ಆದರೆ ದುಡ್ಡು ಹಾಕಬೇಕಾದದ್ದು ಇಲ್ಲಿ, ಹೊಳೆಯುವ ತುದಿಬಾಯಿಗೆ ಅಲ್ಲ. ಲೋಹ ಅಲ್ಯೂಮಿನಿಯಂ ಲೇಪದ ಉಕ್ಕು. ಸ್ಟೇನ್‌ಲೆಸ್ ಇನ್ನೂ ಬಾಳಿಕೆ ಬರುತ್ತದೆ, ಅಳಿಯಂದಿರ ಜೇಬು ಒಪ್ಪಲಿಲ್ಲ.

ಡಬ್ಬಿ ಮಾತ್ರ ತೀರ್ಮಾನವಾಗಲಿಲ್ಲ. ಮೊಮ್ಮಗ ಮುಖ ಊದಿಸಿಕೊಂಡಿದ್ದ. ಅವತ್ತು ರಾತ್ರಿ ಜಗಲಿಯಲ್ಲಿ ಕೂತು ಅವನಿಗೆ ನನ್ನ ಕಿವಿಯ ಕತೆ ಹೇಳಿದೆ.

"ಈಗ ಜೀರುಂಡೆ ಕೂಗ್ತಾ ಇದೆಯೇನೋ?"

"ಎಷ್ಟೊಂದು ಕೂಗ್ತಿವೆ. ನಿಂಗೆ ಕೇಳ್ತಿಲ್ವಾ ತಾತ?"

ಕೇಳುವುದಿಲ್ಲ. ಡಿಪೋದಲ್ಲಿ ಸೈಲೆನ್ಸರ್ ಬಿಚ್ಚಿದ ಎಂಜಿನ್ನಿನ ಪಕ್ಕ ನಿಂತು ಕೆಲಸ ಮಾಡಿದ ವರ್ಷಗಳಲ್ಲಿ ಕಿವಿಗೆ ಏನನ್ನಾದರೂ ಇಟ್ಟುಕೊಳ್ಳುವ ರೂಢಿ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಕಿವಿಯೊಳಗೆ ಕೂದಲಿನಂಥ ಸೂಕ್ಷ್ಮ ಎಳೆಗಳಿರುವ ಜೀವಕೋಶಗಳಿವೆ; ಅವು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಮೊದಲು ಹೋಗುವುದು ತೆಳುದನಿಗಳು. ಜೀರುಂಡೆ, ಗೆಜ್ಜೆ, ಆಮೇಲೆ ಮಾತಿನಲ್ಲಿ ಸ, ಶ, ಫ. ಅದಕ್ಕೇ ಮೊಮ್ಮಕ್ಕಳು ಮೆತ್ತಗೆ ಏನಾದರೂ ಕೇಳಿದರೆ ನಾನು ಮೊದಲು ನಕ್ಕು ಆಮೇಲೆ "ಏನು?" ಅನ್ನುವುದು. 85 ಡೆಸಿಬೆಲ್ ಶಬ್ದವನ್ನು ದಿನಕ್ಕೆ ಎಂಟು ತಾಸಿನವರೆಗೆ ಕಿವಿ ತಡೆದೀತು ಅಂತ ಅಲ್ಲಿನ ಆರೋಗ್ಯ ತಜ್ಞರ ಲೆಕ್ಕ. ಅಲ್ಲಿಂದ ಪ್ರತಿ ಮೂರು ಡೆಸಿಬೆಲ್ ಏರಿದರೆ ಹೊತ್ತು ಅರ್ಧವಾಗುತ್ತದೆ: 88ಕ್ಕೆ ನಾಲ್ಕು ತಾಸು, 91ಕ್ಕೆ ಎರಡು, 94ಕ್ಕೆ ಒಂದು. 100 ಮುಟ್ಟಿದರೆ ಹದಿನೈದೇ ನಿಮಿಷ. ಅವನು ಬೆರಳು ಮಡಿಸಿ ಲೆಕ್ಕ ಹಾಕಿದ. ಏನೂ ಹೇಳಲಿಲ್ಲ.

ಮರುದಿನ ಅವನದೇ ಸಲಹೆ: "ತಾತ, ನರ್ಸ್ ಆಂಟೀನೇ ಕೇಳೋಣ." ಅಂಗಡಿಯ ಯಜಮಾನರು ದೊಡ್ಡ ಮನಸ್ಸಿನವರು, ಗ್ಲಾಸ್‌ಪ್ಯಾಕಿನ ಒಂದು ಹಳೆಯ ಜೋಡಿ, ಟರ್ಬೊ ಮಫ್ಲರಿನ ಒಂದು ಜೋಡಿ ಎರವಲು ಕೊಟ್ಟರು. ಬೆಸುಗೆ ಹಾಕದೆ ಬರೀ ಕ್ಲಾಂಪಿನಲ್ಲಿ ಬಿಗಿದು ಒಂದಾದ ಮೇಲೊಂದು ಪರೀಕ್ಷೆ. ಶನಿವಾರ ಮಧ್ಯಾಹ್ನ, ಅವರು ಎದ್ದು ಕಾಫಿ ಕುಡಿದ ಮೇಲೆ. ಅವರು ತಮ್ಮ ಕೋಣೆಯಲ್ಲಿ ಕಿಟಕಿ ಮುಚ್ಚಿ ಹಾಸಿಗೆಯ ಮೇಲೆ ಕೂರುವುದು, ಮೊಮ್ಮಗ ಅವರ ಬಾಗಿಲಲ್ಲಿ ನಿಲ್ಲುವುದು, ನಾವು ಇಲ್ಲಿ ಎಂಜಿನ್ ಶುರು ಮಾಡುವುದು. ಗ್ಲಾಸ್‌ಪ್ಯಾಕ್ ಹಾಕಿ ಶುರು ಮಾಡಿದಾಗ ಮೊಮ್ಮಗ ಓಡಿ ಬಂದ. ಹಾಸಿಗೆಯ ಪಕ್ಕದ ಲೋಟದಲ್ಲಿ ನೀರು ನಡುಗಿತಂತೆ. ಅವನಿಗೆ ಖುಷಿಯೂ ಆಗಿತ್ತು, ಗಾಬರಿಯೂ ಆಗಿತ್ತು. ಡಬ್ಬಿ ಬದಲಿಸಲು ಅರ್ಧ ತಾಸು ಹಿಡಿಯಿತು. ಎರಡನೆಯದು ಹಾಕಿ ಎಂಜಿನ್ ಓಡಿಸುತ್ತಾ ಕಾದೆವು. ಯಾರೂ ಬರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಆಕೆಯೇ ಬಾಗಿಲು ತೆರೆದು, ಯಾವಾಗ ಶುರು ಮಾಡುತ್ತೀರಿ ಅಂತ ಕೇಳಿದರು.

ಟರ್ಬೊ ಡಬ್ಬಿಯೇ ನಿಂತಿತು, ಅದೂ ಉದ್ದನೆಯ ಮೈಯದು. ಹತ್ತಿರ ನಿಂತರೆ ಕೆಳದನಿಯಲ್ಲಿ ಗುಡುಗುಡು ಇದ್ದೇ ಇತ್ತು, ಅದು ಎಚ್ ನಳಿಗೆಯ ಪುಣ್ಯ. "ದೂರದ ಗುಡುಗು ತಾತ, ಮಳೆ ಬರೋಕ್ ಮುಂಚೆ ಬರುತ್ತಲ್ಲ, ಅದು" ಅಂತ ಮೊಮ್ಮಗನೇ ಹೆಸರಿಟ್ಟ. ನಮ್ಮ ಕರ್ನಾಟಕದ ಹಲವು ಊರುಗಳಲ್ಲಿ ಪೊಲೀಸರು ಬೈಕುಗಳ ಕರ್ಕಶ ಸೈಲೆನ್ಸರುಗಳನ್ನು ಕಿತ್ತು, ರಸ್ತೆಯ ಮೇಲೆ ಸಾಲಾಗಿ ಜೋಡಿಸಿ ರೋಲರ್ ಹಾಯಿಸುವ ಚಿತ್ರ ಪೇಪರಿನಲ್ಲಿ ನೋಡಿರುತ್ತೀರಿ. ಆ ಹುಡುಗರಿಗೂ ಬೇಕಾದದ್ದು ಇಂಥದೇ ಗುಡುಗು, ಸಿಕ್ಕಿದ್ದು ಪಟಾಕಿ.

ಜೋಡಿಸುವ ಕೆಲಸದಲ್ಲಿ ಒಂದೆರಡು ಮಾತು ಹೇಳಲೇಬೇಕು. ನಳಿಗೆಯ ಬಾಯಿ ಗಾಡಿಯ ಹಿಂತುದಿ ದಾಟಿ ಹೊರಗೆ ಬರಬೇಕು. ಚೆಂದಕ್ಕೆ ಅಂತ ಬಾಗಿಲ ಕೆಳಗೇ ಬಿಟ್ಟರೆ ಹೊಗೆ ಮತ್ತೆ ಒಳಗೆ ಸೇರುತ್ತದೆ. ಬ್ರೇಕಿನ ಪೈಪು, ಪೆಟ್ರೋಲಿನ ಪೈಪುಗಳಿಂದ ನಳಿಗೆ ದೂರ ಇರಬೇಕು. ಎಂಜಿನ್ ಅಲುಗಾಡುವುದರಿಂದ ರಬ್ಬರಿನ ತೂಗುಪಟ್ಟಿಯಲ್ಲಿ ತೂಗಬೇಕು, ಕಬ್ಬಿಣಕ್ಕೆ ಕಬ್ಬಿಣ ಬಿಗಿದರೆ ಬಿರುಕು ಬಿಡುತ್ತದೆ. ಇಷ್ಟಾದ ಮೇಲೆ ಸೋರಿಕೆ ನೋಡುವುದು. ಎಂಜಿನ್ ತಣ್ಣಗಿರುವಾಗ ವ್ಯಾಕ್ಯೂಮ್ ಕ್ಲೀನರಿನ ಗಾಳಿ ಊದುವ ಕಡೆಯನ್ನು ನಳಿಗೆಯ ಬಾಯಿಗೆ ಹಿಡಿದು, ಒಂದೊಂದು ಜೋಡಣೆಗೂ ಸೋಪಿನ ನೀರು ಹಚ್ಚಿದೆವು. ಪಂಕ್ಚರ್ ಅಂಗಡಿಯಲ್ಲಿ ಟ್ಯೂಬನ್ನು ನೀರಿಗೆ ಅದ್ದುತ್ತಾರಲ್ಲ, ಅದೇ ವಿದ್ಯೆ. ಗುಳ್ಳೆ ಹುಡುಕುವ ಕೆಲಸ ಮೊಮ್ಮಗನದು. ಎಡಗಡೆಯ ಪ್ಯಾಕಿಂಗ್ ಹತ್ತಿರ ಸಾಸಿವೆಯಷ್ಟು ಗುಳ್ಳೆ ಕಂಡುಹಿಡಿದ. ಅಳಿಯಂದಿರಿಗೂ ನನಗೂ ಕಂಡಿರಲಿಲ್ಲ. ಪ್ಯಾಕಿಂಗ್ ಬದಲಾಯಿಸಿ ಮತ್ತೆ ಹಚ್ಚಿದಾಗ ಗುಳ್ಳೆ ಇಲ್ಲ. ಸೀಟಿನ ಹತ್ತಿರ ಕಾರ್ಬನ್ ಮಾನಾಕ್ಸೈಡ್ ಬಂದರೆ ಕೂಗುವ ಬ್ಯಾಟರಿ ಯಂತ್ರವನ್ನೂ ಮಗಳು ತಂದು ಅಂಟಿಸಿದಳು. ಆಮೇಲೇ ಅವನಿಗೆ ಮಧ್ಯದ ಸೀಟು ಸಿಕ್ಕಿದ್ದು.

ನೂರು ಮೈಲಿ ಓಡಿದ ಮೇಲೆ ನಟ್ಟುಗಳನ್ನೆಲ್ಲ ಇನ್ನೊಮ್ಮೆ ಬಿಗಿಮಾಡಬೇಕು, ಕಾದು ತಣ್ಣಗಾಗುತ್ತಾ ಅವು ಸಡಿಲಾಗುತ್ತವೆ. ಆ ಕೆಲಸವನ್ನು ಅವನ ಕೈಯಲ್ಲೇ ಮಾಡಿಸಿದೆ. ಬೆಳಿಗ್ಗೆ ಎಂಜಿನ್ ಶುರುವಾದ ಕೂಡಲೇ ಎರಡೂ ನಳಿಗೆಯ ಬಾಯಿಂದ ನೀರು ಹನಿಯುತ್ತದಲ್ಲ, ಅದಕ್ಕೆ ಅವನು ಅಜ್ಜಿಯ ಎರಡು ಸ್ಟೀಲ್ ಲೋಟ ಇಟ್ಟು ಅಳೆಯುತ್ತಿದ್ದ. ನಾನು ಊರಿಗೆ ಹೊರಡುವ ದಿನದ ವರದಿ: ಬಲಗಡೆ ಎಡಕ್ಕಿಂತ ಏಳು ಹನಿ ಹೆಚ್ಚು. ಯಾಕೆ ಅಂತ ಇನ್ನೂ ಫೋನಿನಲ್ಲಿ ಕೇಳುತ್ತಿದ್ದಾನೆ, ಲೋಟ ಎಲ್ಲಿ ಅಂತ ಅಜ್ಜಿ ಕೇಳುತ್ತಿದ್ದಾಳೆ.